ಕುಕ್ಕರ್ ಕೂಗಿದ್ರೆ ಸಾಕಾ? ಅಜ್ಜಿಯ ಪೊರೆ ಆಪರೇಷನ್ ಹಿಂದಿರೋ ತೊಳೆಯೋ ಕೆಲಸದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಬಸ್ಸಲ್ಲಿ ಇಯರ್‌ಫೋನ್ ಇಲ್ಲದೆ ಕೂತಿರೋರು ಓದಿಕೊಳ್ಳಬಹುದು.)

ಇವತ್ತು ಹಾರನಹಳ್ಳಿಯಿಂದ ಶುರು ಮಾಡೋಣ. ಅರಸೀಕೆರೆಯಿಂದ ಸುಮಾರು 8 ಕಿಲೋಮೀಟರ್. ಹೊಯ್ಸಳರ ಕಾಲದ ಚೆನ್ನಕೇಶವ, ಸೋಮೇಶ್ವರ ಗುಡಿಗಳಿರೋ ಊರು.

ಆ ಊರಲ್ಲಿ ನಿಮ್ಮ ಅಜ್ಜಿ ಇದ್ದಾರೆ ಅಂದ್ಕೊಳ್ಳಿ. ಎರಡು ವರ್ಷದಿಂದ ಬಸ್ಸಿನ ಬೋರ್ಡ್ ಓದೋಕೆ ಆಗ್ತಿಲ್ಲ. ಅಕ್ಕಿಯಲ್ಲಿರೋ ಕಲ್ಲು ಕಾಣಲ್ಲ. ಊರಿಗೆ ಕಣ್ಣಿನ ಕ್ಯಾಂಪ್ ಬಂತು, ನೋಡಿದ್ರು, ‘ಪೊರೆ ಬಂದಿದೆ, ಆಪರೇಷನ್ ಮಾಡಿಸಿ’ ಅಂದ್ರು. ಅರಸೀಕೆರೆಗೋ ಹಾಸನಕ್ಕೋ ಕರ್ಕೊಂಡು ಹೋಗ್ಬೇಕು. ಮನೆಯಲ್ಲಿ ಓದಿರೋರು ನೀವು. ಹಾಗಾಗಿ ಜೊತೆಗೆ ಹೋಗೋರೂ ನೀವೇ, ಕಾಗದಕ್ಕೆ ಸೈನ್ ಹಾಕೋರೂ ನೀವೇ.

ಆಗ ನೀವು ಏನೇನು ಕೇಳ್ತೀರಿ? ಡಾಕ್ಟರ್ ಯಾರು, ಲೆನ್ಸ್ ಯಾವ್ದು, ದುಡ್ಡು ಎಷ್ಟಾಗತ್ತೆ. ಇಷ್ಟು ಎಲ್ಲರೂ ಕೇಳ್ತಾರೆ. ಆದ್ರೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಅಜ್ಜಿಯ ಕಣ್ಣೊಳಗೆ ಹೋಗೋ ಸಲಕರಣೆಯನ್ನ ತೊಳೆದವರು ಯಾರು, ಎಷ್ಟು ಹೊತ್ತು ತೊಳೆದ್ರು, ಅದನ್ನ ಎಲ್ಲಾದ್ರೂ ಬರೆದಿಟ್ಟಿದ್ದಾರಾ?

ಇವತ್ತಿನ ಮಾತೆಲ್ಲ ಈ ಪ್ರಶ್ನೆ ಸುತ್ತಾನೇ. ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ, ಹೆದರಿಸೋಕೆ ಈ ಸಂಚಿಕೆ ಮಾಡ್ತಿಲ್ಲ. ಪೊರೆ ಆಪರೇಷನ್ ತುಂಬಾ ಸುರಕ್ಷಿತವಾದ ಆಪರೇಷನ್‌ಗಳಲ್ಲಿ ಒಂದು. ಮಧುರೈನಲ್ಲಿ 1976ರಲ್ಲಿ ಶುರುವಾದ ಅರವಿಂದ್ ಕಣ್ಣಾಸ್ಪತ್ರೆಯವರು 6 ಲಕ್ಷ ಆಪರೇಷನ್‌ಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದ್ರು. ಕಣ್ಣೊಳಗೆ ಸೋಂಕು ಆಗಿದ್ದು 10 ಸಾವಿರ ಜನರಲ್ಲಿ ಸುಮಾರು 7 ಜನಕ್ಕೆ. ಆಪರೇಷನ್ ಕೊನೆಯಲ್ಲಿ ಕಣ್ಣೊಳಗೇ ಆಂಟಿಬಯಾಟಿಕ್ ಕೊಡೋಕೆ ಶುರು ಮಾಡಿದ ಮೇಲೆ ಅದು 2ಕ್ಕೆ ಇಳಿಯಿತು. ಅಂದ್ರೆ ಅಪಾಯ ಕಡಿಮೆ. ಆದ್ರೆ ಅದು ತಾನಾಗೇ ಕಡಿಮೆ ಇರಲ್ಲ, ಯಾರೋ ದಿನಾ ಕೂತು ಕೆಲಸ ಮಾಡೋದ್ರಿಂದ ಕಡಿಮೆ ಇರತ್ತೆ.

ಐದು ಹನಿ ಜಾಗದ ಸೂಕ್ಷ್ಮ

ಕಣ್ಣಿಗೆ ಮಾತ್ರ ಯಾಕೆ ಇಷ್ಟು ಎಚ್ಚರಿಕೆ? ಕೈಗೆ ಹೊಲಿಗೆ ಹಾಕೋವಾಗಲೂ ಸಲಕರಣೆ ಕ್ಲೀನ್ ಇರ್ಬೇಕಲ್ವಾ?

ಇರ್ಬೇಕು. ಆದ್ರೆ ವ್ಯತ್ಯಾಸ ಜಾಗದ ಅಳತೆಯಲ್ಲಿದೆ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಅದೇ ಕಾರ್ನಿಯಾ, ಅದರ ಹಿಂದೆ ಒಂದು ಪುಟ್ಟ ಕೋಣೆ ಇದೆ. ಡಾಕ್ಟರು ಪೊರೆ ತೆಗೆಯೋದು ಅದರೊಳಗಿಂದಾನೇ. ಅದರಲ್ಲಿ ಹಿಡಿಸೋ ನೀರು ಸುಮಾರು ಕಾಲು ಮಿಲಿಲೀಟರ್. ಹನಿ ಲೆಕ್ಕದಲ್ಲಿ ಐದು ಹನಿ. ಐದು ಹನಿ ನೀರಿಗೆ ಒಂದು ಚೂರು ಸೋಪು ಸೇರಿದ್ರೂ ಅದು ಚೂರು ಅಲ್ಲ, ಜಾಸ್ತಿನೇ.

ಇನ್ನೊಂದು ವಿಷಯ. ಕಾರ್ನಿಯಾದ ಒಳಮೈಗೆ ಒಂದೇ ಒಂದು ಪದರ ಜೀವಕೋಶ ಅಂಟಿಕೊಂಡಿರತ್ತೆ. ನೀರನ್ನ ಹೊರಗೆ ಹಾಕ್ತಾ ಕಾರ್ನಿಯಾವನ್ನ ಗಾಜಿನ ಥರ ತಿಳಿಯಾಗಿ ಇಡೋದು ಅದರ ಕೆಲಸ. ಚರ್ಮ ಗೀಚಿದ್ರೆ ಮತ್ತೆ ಬೆಳೆಯತ್ತೆ. ಮನುಷ್ಯರಲ್ಲಿ ಈ ಕೋಶಗಳು ಸತ್ರೆ ಹೊಸದು ಹುಟ್ಟಲ್ಲ. ಜಾಸ್ತಿ ಕೋಶ ಸತ್ರೆ ಕಾರ್ನಿಯಾ ಊದ್ಕೊಂಡು ಮಬ್ಬಾಗತ್ತೆ. ಪೊರೆ ತೆಗೆದು ಲೆನ್ಸ್ ಚೆನ್ನಾಗೇ ಕೂರಿಸಿದ್ರೂ ಅಜ್ಜಿಗೆ ಮುಂದೆ ಮಂಜು ಮಂಜು.

ಎರಡು ಥರದ ತೊಂದರೆ

ಸಲಕರಣೆ ಸರಿಯಾಗಿ ಸಿದ್ಧ ಆಗಿಲ್ಲ ಅಂದ್ರೆ ಎರಡು ಬೇರೆ ಬೇರೆ ತೊಂದರೆ ಆಗಬಹುದು. ಇವೆರಡನ್ನ ಕಲಸಿಕೊಳ್ಳಬಾರದು.

ಒಂದು, ಸೋಂಕು. ಜೀವಂತ ಬ್ಯಾಕ್ಟೀರಿಯಾ ಅಥವಾ ಫಂಗಸ್ ಕಣ್ಣೊಳಗೆ ಹೋಗಿ ಬೆಳೆಯೋದು. ಡಾಕ್ಟರು ಇದನ್ನ ಎಂಡಾಫ್ಥಾಲ್ಮೈಟಿಸ್ ಅಂತಾರೆ. ಸಾಮಾನ್ಯವಾಗಿ ಎರಡನೇ ದಿನದಿಂದ ಒಂದು ವಾರದೊಳಗೆ ಕಾಣಿಸಿಕೊಳ್ಳತ್ತೆ.

ಎರಡು, ವಿಷದ ಉರಿ. ಇದರ ಹೆಸರು ಟಾಸ್. ಇಲ್ಲಿ ಜೀವಂತ ಕ್ರಿಮಿ ಒಂದೂ ಇರಲ್ಲ. ಸೋಪಿನ ಉಳಿಕೆ, ಹಳೇ ಜೆಲ್ಲಿನ ಉಳಿಕೆ, ಸತ್ತ ಬ್ಯಾಕ್ಟೀರಿಯಾದ ಚೂರು, ಇಂಥದ್ದು ಏನೋ ಕಣ್ಣಿನ ಮುಂಭಾಗಕ್ಕೆ ಹೋಗಿ ಉರಿಯೂತ ಎಬ್ಬಿಸತ್ತೆ. ಇದು ಬೇಗ ಬರತ್ತೆ, ಹೆಚ್ಚಾಗಿ 12ರಿಂದ 48 ಗಂಟೆಯೊಳಗೆ.

ಗಮನಿಸಿ, ಸತ್ತ ಬ್ಯಾಕ್ಟೀರಿಯಾದ ಚೂರು ಅಂದೆ. ಎಷ್ಟು ಬಿಸಿ ಮಾಡಿದ್ರೂ ಆ ಚೂರು ಅಲ್ಲೇ ಇರತ್ತೆ. ಬಿಸಿಗೆ ಬ್ಯಾಕ್ಟೀರಿಯಾ ಸಾಯತ್ತೆ, ಆದ್ರೆ ಅದರ ಕೊಳೆ ಹೋಗಲ್ಲ.

2006ರಲ್ಲಿ ಅಮೆರಿಕದಲ್ಲಿ ಟಾಸ್ ಪ್ರಕರಣಗಳು ಒಮ್ಮೆಲೇ ಜಾಸ್ತಿಯಾದವು. ಅಲ್ಲಿನ ಕಣ್ಣಿನ ಡಾಕ್ಟರ ಸಂಘಗಳು ಸೇರ್ಕೊಂಡು ಆಸ್ಪತ್ರೆಗಳನ್ನ ನೋಡಿಕೊಂಡು ಬಂದ್ರು. ಮತ್ತೆ ಮತ್ತೆ ಸಿಕ್ಕಿದ ತಪ್ಪುಗಳು ದೊಡ್ಡ ಮೆಷಿನ್ನಿಂದಲ್ಲ. ಸಣ್ಣ ಕೊಳವೆಗಳೊಳಗೆ ಸಾಕಷ್ಟು ನೀರು ಹಾಯಿಸಿರಲಿಲ್ಲ. ತೊಳೆಯೋ ದ್ರಾವಣವನ್ನ ಪೂರ್ತಿ ತೆಗೆದಿರಲಿಲ್ಲ. ಅಂದ್ರೆ ಎಡವಿದ್ದು ಸಿಂಕಿನ ಹತ್ರ.

ಒಣಗಿದ ಮುದ್ದೆ ಪಾತ್ರೆ

ಈಗ ಅಡುಗೆಮನೆಗೆ ಬನ್ನಿ. ರಾಗಿ ಮುದ್ದೆ ಮಾಡಿದ ಪಾತ್ರೆಗೆ ತಕ್ಷಣ ನೀರು ಹಾಕಿಟ್ರೆ ಆಮೇಲೆ ಕೈಯಲ್ಲೇ ಬಿಟ್ಕೊಳ್ಳತ್ತೆ. ಮಧ್ಯಾಹ್ನದಿಂದ ರಾತ್ರಿವರೆಗೆ ಒಣಗಿಸಿದ್ರೆ? ಕೆರೆದು ಕೆರೆದು ಕೈ ನೋವು ಬರತ್ತೆ. ಆ ಒಣಗಿದ ಪಾತ್ರೆಯನ್ನ ಹಾಗೇ ಕುಕ್ಕರ್‌ನಲ್ಲಿಟ್ಟು ಹತ್ತು ವಿಷಲ್ ಕೂಗಿಸಿ ಅಂದ್ಕೊಳ್ಳಿ. ಕ್ರಿಮಿ ಸಾಯಬಹುದು. ಪಾತ್ರೆ ಕ್ಲೀನ್ ಆಯ್ತಾ? ಮುದ್ದೆ ಅಲ್ಲೇ ಇದೆ.

ಆಪರೇಷನ್ ಸಲಕರಣೆಯದ್ದೂ ಇದೇ ಕಥೆ. ಶುದ್ಧ ಮಾಡೋದು ಬೇರೆ, ಕ್ರಿಮಿಮುಕ್ತ ಮಾಡೋದು ಬೇರೆ. ಮೊದಲನೇದಾಗದೆ ಎರಡನೇದು ಆಗಲ್ಲ. ಒಣಗಿದ ರಕ್ತ, ಜೆಲ್ ಇದ್ರೆ ಅದರ ಕೆಳಗೆ ಕೂತ ಕ್ರಿಮಿಗೆ ಹಬೆ ಸರಿಯಾಗಿ ತಲುಪೋದೂ ಇಲ್ಲ.

ಪೊರೆ ಆಪರೇಷನ್‌ನಲ್ಲಿ ಈ ‘ಮುದ್ದೆ’ ಯಾವುದು? ವಿಸ್ಕೋ ಅಂತ ಕರೆಯೋ ಒಂದು ಅಂಟಂಟು ಜೆಲ್. ಕಣ್ಣೊಳಗಿನ ಪುಟ್ಟ ಕೋಣೆ ಕುಸಿಯದಂತೆ ಇದನ್ನ ತುಂಬ್ತಾರೆ. ಕಾರ್ನಿಯಾವನ್ನ ಕಾಪಾಡೋದೇ ಇದು. ಆದ್ರೆ ಕ್ಯಾನುಲಾ ಅನ್ನೋ ತೆಳ್ಳನೆ ಕೊಳವೆಯಲ್ಲಿ ಉಳಿದು ಒಣಗಿದ್ರೆ ಅದನ್ನ ತೆಗೆಯೋದು ಕಷ್ಟ. ಆ ಕೊಳವೆಯ ಒಳಗಿನ ಅಗಲ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಬರಿಗಣ್ಣಿಗೆ ಒಳಗೇನಿದೆ ಅಂತ ಕಾಣೋದೇ ಇಲ್ಲ.

ಮೋದಿ ಡಾಕ್ಟರ ಕಾಲ, ಈಗಿನ ಕಾಲ

ನಿಮ್ಮ ತಾತನನ್ನ ಕೇಳಿ ನೋಡಿ, ಡಾಕ್ಟರ್ ಎಂ.ಸಿ. ಮೋದಿ ಹೆಸರು ಗೊತ್ತಿರತ್ತೆ. ಬೀಳಗಿಯವರು. ಊರೂರಿಗೆ ಹೋಗಿ ಉಚಿತ ಕಣ್ಣಿನ ಕ್ಯಾಂಪ್ ಮಾಡಿದ್ರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ. 1993ರ ಫೆಬ್ರುವರಿವರೆಗೆ ಅವರು ಮಾಡಿದ ಒಟ್ಟು ಆಪರೇಷನ್ 6,10,564. ಕತ್ತಲಲ್ಲಿ ಕೂತಿದ್ದ ಎಷ್ಟೋ ಮನೆಗಳಿಗೆ ಅವರು ಬೆಳಕು ಕೊಟ್ರು.

ಆದ್ರೆ ಆಗಿನ ಆಪರೇಷನ್ ವಿಧಾನ ಬೇರೆ. ಪೊರೆ ಬಂದ ಲೆನ್ಸನ್ನ ತೆಗೆದು, ಸೋಡಾಬುಡ್ಡಿ ಥರದ ದಪ್ಪ ಗಾಜಿನ ಕನ್ನಡಕ ಕೊಡೋರು. ಈಗ ಕಣ್ಣೊಳಗೇ ಕೃತಕ ಲೆನ್ಸ್ ಕೂರಿಸ್ತಾರೆ. ಗಾಯ ಎರಡು ಮೂರು ಮಿಲಿಮೀಟರ್ ಅಷ್ಟೇ. ಫೇಕೋ ಮೆಷಿನ್ ಪೊರೆಯನ್ನ ಒಳಗೇ ಪುಡಿ ಮಾಡಿ ಹೀರಿಕೊಳ್ಳತ್ತೆ. ಅಜ್ಜಿ ಮಾರನೇ ದಿನವೇ ಓಡಾಡ್ತಾರೆ. ರೋಗಿಗೆ ಸುಲಭ ಆಯ್ತು, ತೊಳೆಯೋರಿಗೆ ಕಷ್ಟ ಆಯ್ತು. ಯಾಕಂದ್ರೆ ಈಗಿನ ಸಲಕರಣೆಗಳಲ್ಲಿ ಒಳಗೆ ಟೊಳ್ಳಿರೋ ಕೊಳವೆಗಳು ಜಾಸ್ತಿ.

ನಿಯಮವೂ ಬದಲಾಯ್ತು. ಶಾಲೆ ಕೊಠಡಿ, ಛತ್ರಗಳಲ್ಲಿ ಆಪರೇಷನ್ ಮಾಡೋ ಪದ್ಧತಿಯನ್ನ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಕೈಬಿಟ್ಟಿತು. ಈಗ ಊರಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯ ಓಟಿಯಲ್ಲೇ. ಹಾರನಹಳ್ಳಿಯ ಅಜ್ಜಿಯನ್ನ ಬಸ್ ಹತ್ತಿಸೋದು ಅದಕ್ಕೇ.

ಸರಿಯಾದ ದಾರಿ ಹೇಗಿರತ್ತೆ

ಒಂದು ಸೆಟ್ ಸಲಕರಣೆ ಒಬ್ಬರ ಕಣ್ಣಿಂದ ಇನ್ನೊಬ್ಬರ ಕಣ್ಣಿಗೆ ಹೋಗೋ ಮುಂಚೆ ಏನೇನಾಗ್ಬೇಕು? ಹಂತ ಹಂತವಾಗಿ ನೋಡೋಣ.

ಮೊದಲು, ಟೇಬಲ್ ಹತ್ರಾನೇ ಕೆಲಸ ಶುರು. ಆಪರೇಷನ್ ಮುಗಿದ ತಕ್ಷಣ ಜೆಲ್ ಒರೆಸಿ, ಕೊಳವೆಗಳಲ್ಲಿ ಸ್ಟೆರೈಲ್ ನೀರು ಹಾಯಿಸ್ಬೇಕು. ಸಲೈನ್‌ನಲ್ಲಿ ನೆನೆಸಿಡಬಾರದು. ಅದು ಉಪ್ಪುನೀರು, ಸ್ಟೀಲನ್ನ ತಿನ್ನತ್ತೆ.

ಆಮೇಲೆ ತೊಳೆಯೋ ಕೋಣೆ. ತಯಾರಕರು ಹೇಳಿದ ದ್ರಾವಣ, ಅವರು ಹೇಳಿದಷ್ಟೇ ಅಳತೆ. ‘ಒಂದು ಮುಚ್ಚಳ ಜಾಸ್ತಿ ಹಾಕಿದ್ರೆ ಜಾಸ್ತಿ ಕ್ಲೀನ್’ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಜಾಸ್ತಿ ಹಾಕಿದಷ್ಟೂ ಜಾಸ್ತಿ ಉಳಿಯತ್ತೆ. ಸೂಕ್ಷ್ಮ ಮೂಲೆಗಳಿಗೆ ಅಲ್ಟ್ರಾಸಾನಿಕ್ ತೊಟ್ಟಿ ಇರತ್ತೆ. ಶಬ್ದದ ಅಲೆಯಿಂದ ನೀರಲ್ಲಿ ಪುಟ್ಟ ಗುಳ್ಳೆ ಎದ್ದು ಒಡೆಯುವಾಗ ಕೊಳೆ ಬಿಡತ್ತೆ. ಆದ್ರೆ ಆ ತೊಟ್ಟಿಯ ನೀರನ್ನ ಬದಲಿಸದೆ ಬಿಟ್ರೆ ಅದರಲ್ಲೇ ಬ್ಯಾಕ್ಟೀರಿಯಾ ಬೆಳೆಯತ್ತೆ. ದಿನಾ ಖಾಲಿ ಮಾಡಿ, ತೊಳೆದು, ಒಣಗಿಸ್ಬೇಕು.

ಮುಂದೆ, ಜಾಲಿಸೋದು. ಇಲ್ಲಿ ನಮ್ಮ ಕಡೆಯವರಿಗೆ ಒಂದು ಮುಖ್ಯ ಮಾತಿದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟೋದನ್ನ ನೋಡಿದ್ದೀರಲ್ಲ? ಅದೇ ನೀರಲ್ಲಿ ಕಣ್ಣಿನ ಸಲಕರಣೆ ಜಾಲಿಸಿದ್ರೆ ಆ ಉಪ್ಪು ಕೊಳವೆಯೊಳಗೂ ಕೂರತ್ತೆ. ಅದಕ್ಕೇ ಕೊನೆಯ ಜಾಲಿಕೆ ಡಿಸ್ಟಿಲ್ಡ್ ನೀರಲ್ಲೇ ಆಗ್ಬೇಕು. ಹಬೆ ಬರೋಕೆ ಆಟೋಕ್ಲೇವ್‌ಗೆ ಹಾಕೋ ನೀರೂ ಅಷ್ಟೇ ಶುದ್ಧ ಇರ್ಬೇಕು. ಆಮೇಲೆ ಕೊಳವೆಯೊಳಗೆ ಗಾಳಿ ಹಾಯಿಸಿ ಒಣಗಿಸಿ, ಭೂತಗನ್ನಡಿಯಲ್ಲಿ ತುದಿ ನೋಡಿ, ಬಾಗಿದ್ದು, ತುಕ್ಕು ಹಿಡಿದದ್ದನ್ನ ಪಕ್ಕಕ್ಕೆ ಇಡ್ಬೇಕು.

ಇಷ್ಟೆಲ್ಲ ಆದ ಮೇಲೇನೇ ಆಟೋಕ್ಲೇವ್.

ಆಟೋಕ್ಲೇವ್ ಅಂದ್ರೆ ದೊಡ್ಡ ಕುಕ್ಕರ್

ಬರೀ ಕುದಿಸಿದ್ರೆ ಸಾಲಲ್ವಾ? ಸಾಲಲ್ಲ. ಕೆಲವು ಬ್ಯಾಕ್ಟೀರಿಯಾ ಸ್ಪೋರ್ ಅನ್ನೋ ಗಟ್ಟಿ ಕವಚದೊಳಗೆ ಕೂತ್ಕೊಳ್ಳತ್ತೆ. 100 ಡಿಗ್ರಿಯಲ್ಲಿ ಕುದಿಸಿದ್ರೂ ಬದುಕುತ್ತೆ. ಒತ್ತಡದಲ್ಲಿರೋ ಹಬೆ ಬೇಕು. ಸಾಮಾನ್ಯ ಆಟೋಕ್ಲೇವ್‌ನಲ್ಲಿ ಬಟ್ಟೆ ಸುತ್ತಿದ ಪ್ಯಾಕ್ ಆದ್ರೆ 121 ಡಿಗ್ರಿಯಲ್ಲಿ 30 ನಿಮಿಷ. ಗಾಳಿಯನ್ನ ಹೀರಿ ತೆಗೆಯೋ ವ್ಯಾಕ್ಯೂಮ್ ಮಾದರಿಯಲ್ಲಿ 134 ಡಿಗ್ರಿಯಲ್ಲಿ 3–4 ನಿಮಿಷ. ಇದು ಬಿಸಿ ಏರಿದ ಮೇಲಿನ ಲೆಕ್ಕ, ಸ್ವಿಚ್ ಹಾಕಿದಾಗಿಂದ ಅಲ್ಲ.

ಅಮ್ಮ ಕುಕ್ಕರ್‌ಗೆ ವೈಟ್ ಯಾವಾಗ ಹಾಕ್ತಾರೆ ಗಮನಿಸಿದ್ದೀರಾ? ಹಬೆ ಜೋರಾಗಿ ಬರೋಕೆ ಶುರುವಾದ ಮೇಲೆ. ಒಳಗಿನ ಗಾಳಿ ಹೊರಗೆ ಹೋಗ್ಲಿ ಅಂತ. ಆಟೋಕ್ಲೇವ್‌ನಲ್ಲೂ ಗಾಳಿ ಸಿಕ್ಕಿಕೊಂಡ ಜಾಗಕ್ಕೆ ಹಬೆ ಹೋಗಲ್ಲ. ಟೊಳ್ಳು ಕೊಳವೆಯೊಳಗೆ ಗಾಳಿ ಸಿಕ್ಕಿಕೊಳ್ಳೋದು ಸುಲಭ. ಕಣ್ಣಿನ ಆಪರೇಷನ್‌ಗೆ ವ್ಯಾಕ್ಯೂಮ್ ಮಾದರಿ ಒಳ್ಳೇದು ಅನ್ನೋದು ಇದಕ್ಕೇ.

ಕೆಲಸ ಆಯ್ತು ಅಂತ ಗೊತ್ತಾಗೋದು ಹೇಗೆ? ಪ್ಯಾಕ್ ಮೇಲೆ ಒಂದು ಟೇಪ್ ಇರತ್ತೆ, ಬಿಸಿಗೆ ಕಪ್ಪು ಗೆರೆ ಮೂಡತ್ತೆ. ಅದು ‘ಈ ಪ್ಯಾಕ್ ಒಳಗೆ ಹೋಗಿ ಬಂದಿದೆ’ ಅಂತ ಮಾತ್ರ ಹೇಳತ್ತೆ. ಪ್ಯಾಕ್ ಒಳಗೆ ಇನ್ನೊಂದು ಪಟ್ಟಿ ಇಡ್ತಾರೆ, ಹಬೆ ಒಳಗೂ ತಲುಪ್ತಾ ಅಂತ ನೋಡೋಕೆ. ಇವೆರಡಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ. ಬಿಸಿಗೆ ಸುಲಭವಾಗಿ ಸಾಯದ ಒಂದು ನಿರುಪದ್ರವಿ ಬ್ಯಾಕ್ಟೀರಿಯಾದ ಸ್ಪೋರ್ ಇರೋ ಪುಟ್ಟ ಸೀಸೆಯನ್ನ ಜೊತೆಗಿಟ್ಟು, ಅದು ಸತ್ತಿದ್ಯಾ ಅಂತ ನೋಡೋದು. ಅದೇ ಸತ್ತಿದ್ರೆ ಉಳಿದದ್ದೂ ಸತ್ತಿರತ್ತೆ.

ಇದು ಸಿಸ್ಟರ್ ತಪ್ಪಾ? ಲೆಕ್ಕ ಮಾಡಿ ನೋಡಿ

ಈಗ ಮುಖ್ಯ ವಿಷಯ. ಏನಾದ್ರೂ ಆದಾಗ ಮೊದಲು ಬೈಸಿಕೊಳ್ಳೋದು ಓಟಿ ಸಿಸ್ಟರ್, ಇಲ್ಲಾಂದ್ರೆ ತೊಳೆಯೋ ಸಿಬ್ಬಂದಿ. ಒಂದು ಲೆಕ್ಕ ಮಾಡೋಣ, ಉದಾಹರಣೆಗೆ.

ಒಂದು ಆಪರೇಷನ್‌ಗೆ 15 ನಿಮಿಷ. ಸಲಕರಣೆ ತೊಳೆದು, ಒಣಗಿಸಿ, ಪ್ಯಾಕ್ ಮಾಡೋಕೆ 25 ನಿಮಿಷ. ಆಟೋಕ್ಲೇವ್ ಬಿಸಿಯಾಗಿ, ನಿಂತು, ಒಣಗಿ, ತಣ್ಣಗಾಗೋಕೆ 45 ನಿಮಿಷ. ಅಂದ್ರೆ ಒಂದು ಸೆಟ್ ಟೇಬಲ್‌ಗೆ ಹೋಗಿ ಮತ್ತೆ ಟೇಬಲ್‌ಗೆ ಬರೋಕೆ 85 ನಿಮಿಷ. 15 ನಿಮಿಷಕ್ಕೆ ಒಬ್ಬರಂತೆ ರೋಗಿಗಳು ಬರ್ತಿದ್ರೆ ಕನಿಷ್ಠ ಆರು ಸೆಟ್ ಬೇಕು.

ಆಸ್ಪತ್ರೆಯಲ್ಲಿ ಇರೋದು ಮೂರೇ ಸೆಟ್ ಅಂದ್ಕೊಳ್ಳಿ. ಹೊರಗೆ 20 ಜನ ಹಸಿರು ಬಟ್ಟೆ ಹಾಕ್ಕೊಂಡು ಕೂತಿದ್ದಾರೆ. ಸಂಜೆ ಬಸ್ ಹೊರಡ್ಬೇಕು. ನಾಲ್ಕನೇ ರೋಗಿ ಬರೋ ಹೊತ್ತಿಗೆ ಮೊದಲನೇ ಸೆಟ್ ಇನ್ನೂ ಆಟೋಕ್ಲೇವ್‌ನಿಂದ ಹೊರಗೆ ಬಂದಿರಲ್ಲ. ಆಗ ಸಿಸ್ಟರ್‌ಗೆ ಉಳಿಯೋದು ಎರಡೇ ದಾರಿ. ‘ಸರ್, ಕಾಯ್ಬೇಕು’ ಅನ್ನೋದು, ಇಲ್ಲಾ ಯಾವುದೋ ಒಂದು ಹಂತ ಬಿಡೋದು. ತೊಳೆಯೋದನ್ನ ಅರ್ಧ ಮಾಡೋದೋ, ಔಷಧಿ ದ್ರಾವಣದಲ್ಲಿ ಅದ್ದಿ ಕೊಡೋದೋ. ಗ್ಲುಟರಾಲ್ಡಿಹೈಡ್ ಅನ್ನೋ ದ್ರಾವಣ ಬೇರೆ ಕಡೆ ಬಳಕೆಯಲ್ಲಿದೆ, ಆದ್ರೆ ಅದರ ಉಳಿಕೆ ಕಾರ್ನಿಯಾದ ಕೋಶಗಳಿಗೆ ವಿಷ. ಕಣ್ಣೊಳಗೆ ಹೋಗೋ ಸಲಕರಣೆಗೆ ಅದು ಬೇಡವೇ ಬೇಡ.

ಸಿಸ್ಟರ್ ‘ಕಾಯ್ಬೇಕು’ ಅಂದಾಗ ಡಾಕ್ಟರು ‘ಆಯ್ತು’ ಅನ್ನೋ ಆಸ್ಪತ್ರೆ ಒಳ್ಳೇ ಆಸ್ಪತ್ರೆ. ಇನ್ನೂ ಒಳ್ಳೇದು ಅಂದ್ರೆ, ಆ ಮಾತೇ ಬರದಂತೆ ಸೆಟ್‌ಗಳನ್ನ ಮೊದಲೇ ಕೊಂಡಿಡೋದು, ಅಥವಾ ಸೆಟ್ ಎಷ್ಟಿದೆಯೋ ಅಷ್ಟೇ ಜನರನ್ನ ಆ ದಿನ ಕರೆಯೋದು.

2021ರ ನವೆಂಬರ್ 22ರಂದು ಬಿಹಾರದ ಮುಜಫ್ಫರ್‌ಪುರದ ಒಂದು ಆಸ್ಪತ್ರೆಯಲ್ಲಿ ಒಂದೇ ದಿನ 65 ಪೊರೆ ಆಪರೇಷನ್ ಆದವು ಅಂತ ವರದಿಯಾಯ್ತು. ಸೋಂಕಿನಿಂದ ಹತ್ತಕ್ಕೂ ಹೆಚ್ಚು ಜನರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯ್ತು. ಹಾಗಂತ ಸಂಖ್ಯೆಯೇ ಅಪರಾಧಿ ಅಲ್ಲ. ಅರವಿಂದ್‌ನಂಥ ಕಡೆ ದಿನಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಆಗತ್ತೆ. ಅಲ್ಲಿ ಸೆಟ್, ಜನ, ಸಮಯ ಎಲ್ಲ ಆ ಸಂಖ್ಯೆಗೆ ತಕ್ಕಂತೆ ಇರತ್ತೆ.

ಮಿಂಟೋ ಕಲಿಸಿದ್ದು: ಬರೆದಿಡಿ

ನಮ್ಮ ರಾಜ್ಯಕ್ಕೇ ಬರೋಣ. ಬೆಂಗಳೂರಿನ ಮಿಂಟೋ, ನೂರು ವರ್ಷಕ್ಕೂ ಹಳೆಯ ಸರ್ಕಾರಿ ಕಣ್ಣಾಸ್ಪತ್ರೆ. 2019ರ ಜುಲೈ 9ರಂದು ಅಲ್ಲಿ 24 ಜನಕ್ಕೆ ಪೊರೆ ಆಪರೇಷನ್ ಆಯ್ತು. ಹಲವರಿಗೆ ಸೋಂಕಾಯ್ತು, ಸುಮಾರು 10 ಜನ ಆ ಕಣ್ಣಿನ ದೃಷ್ಟಿ ಕಳ್ಕೊಂಡ್ರು ಅಂತ ವರದಿಯಾಯ್ತು. ಸರ್ಕಾರ ಪರಿಹಾರ ಕೊಡಬೇಕಾಯ್ತು. ಅಲ್ಲಿ ಅನುಮಾನ ಹೋಗಿದ್ದು ಸಲಕರಣೆ ಮೇಲಲ್ಲ, ಹೊರಗಿಂದ ಬಂದ ಆ ವಿಸ್ಕೋ ಜೆಲ್ ಮೇಲೆ. ಆ ವರ್ಷದ ಕೊನೆಗೆ ಪ್ರತಿಭಟನೆ ವೇಳೆ ಡಾಕ್ಟರೊಬ್ಬರ ಮೇಲೆ ಹಲ್ಲೆ ಆಗಿ, ರಾಜ್ಯದಲ್ಲಿ ವೈದ್ಯರ ಮುಷ್ಕರವೂ ನಡೀತು.

ಸಲಕರಣೆ ವಿಷಯದಲ್ಲಿ ಇದನ್ನ ಯಾಕೆ ಹೇಳ್ತಿದ್ದೀನಿ? ಏನಾದ್ರೂ ಆದಾಗ ಕಾರಣ ಹುಡುಕೋಕೆ ದಾಖಲೆ ಬೇಕು. ಇವತ್ತು ಯಾವ ಬ್ಯಾಚ್ ಜೆಲ್, ಯಾವ ಸೆಟ್, ಆಟೋಕ್ಲೇವ್‌ನ ಎಷ್ಟನೇ ಸುತ್ತು, ಯಾರ ಕಣ್ಣಿಗೆ. ಇಷ್ಟು ಬರೆದಿದ್ರೆ ಇಬ್ಬರು ರೋಗಿಗಳಿಗೆ ತೊಂದರೆ ಕಾಣಿಸಿದ ತಕ್ಷಣ ಅವರಿಬ್ಬರಿಗೂ ಸಮಾನವಾದದ್ದು ಏನು ಅಂತ ಗೊತ್ತಾಗತ್ತೆ. ಮೂರನೇಯವರನ್ನ ಟೇಬಲ್ ಮೇಲೆ ಮಲಗಿಸೋ ಮುಂಚೆ ನಿಲ್ಲಿಸಬಹುದು. ಬರೆದಿಲ್ಲ ಅಂದ್ರೆ ಉಳಿಯೋದು ಜಗಳ ಮಾತ್ರ. ಆ ಜಗಳದಲ್ಲಿ ಸಿಕ್ಕಿಹಾಕ್ಕೊಳ್ಳೋದು ಎದುರಿಗೆ ಸಿಕ್ಕ ಡಾಕ್ಟರು, ಸಿಸ್ಟರು. ರಿಜಿಸ್ಟರ್ ರೋಗಿಯನ್ನೂ ಕಾಪಾಡತ್ತೆ, ಸಿಬ್ಬಂದಿಯನ್ನೂ ಕಾಪಾಡತ್ತೆ.

ನೀವು ಏನು ಮಾಡಬಹುದು

ಅಜ್ಜಿ ಜೊತೆ ಹೋದಾಗ ಮೂರು ಪ್ರಶ್ನೆ ಕೇಳಿ. ಜಗಳದ ಧ್ವನಿಯಲ್ಲಿ ಬೇಡ, ಸಮಾಧಾನವಾಗಿ ಕೇಳಿ. ‘ಸಿಸ್ಟರ್, ಪ್ರತಿ ರೋಗಿಗೂ ಬೇರೆ ಆಟೋಕ್ಲೇವ್ ಆದ ಸೆಟ್ ತೆಗೀತೀರಾ?’ ‘ಇವತ್ತು ಎಷ್ಟು ಆಪರೇಷನ್ ಇದೆ?’ ‘ಲೆನ್ಸ್ ಸ್ಟಿಕ್ಕರ್ ಅಜ್ಜಿಯ ಕಾರ್ಡಿಗೆ ಅಂಟಿಸಿ ಕೊಡ್ತೀರಾ?’ ಕೆಲಸ ಸರಿಯಾಗಿ ಮಾಡೋ ಸಿಸ್ಟರ್‌ಗೆ ಈ ಪ್ರಶ್ನೆಯಿಂದ ಸಿಟ್ಟು ಬರಲ್ಲ, ಖುಷಿನೇ ಆಗತ್ತೆ. ಅವರ ಕೆಲಸದ ಬಗ್ಗೆ ಕೇಳೋರೇ ಇಲ್ಲ ಅಲ್ವಾ?

ಮನೆಗೆ ಬಂದ ಮೇಲೆ ಇನ್ನೂ ಮುಖ್ಯ. ಸ್ವಲ್ಪ ಕಿರಿಕಿರಿ, ನೀರು ಬರೋದು ಸಹಜ. ಆದ್ರೆ ನೋವು ಜಾಸ್ತಿಯಾಗ್ತಿದ್ರೆ, ಕಣ್ಣು ಕೆಂಪಾಗ್ತಾ ಹೋದ್ರೆ, ನಿನ್ನೆ ಕಂಡಿದ್ದು ಇವತ್ತು ಮಬ್ಬಾದ್ರೆ, ಕೀವು ಬಂದ್ರೆ, ಆ ದಿನವೇ ಹೊರಡಿ. ‘ಸೋಮವಾರ ನೋಡೋಣ’ ಬೇಡ. ‘ಮೊಮ್ಮಕ್ಕಳಿಗೆ ತೊಂದರೆ ಯಾಕೆ’ ಅಂತ ಅಜ್ಜಿ ನೋವು ಮುಚ್ಚಿಡ್ತಾರೆ, ನೀವೇ ದಿನಾ ಫೋನ್ ಮಾಡಿ ಕೇಳಿ. ಇದು ಸೋಂಕೋ ಟಾಸೋ ಅಂತ ಡಾಕ್ಟರೇ ನೋಡಿ ಹೇಳ್ಬೇಕು, ಎರಡಕ್ಕೂ ಚಿಕಿತ್ಸೆ ಬೇರೆ. ಮೆಡಿಕಲ್ ಶಾಪ್‌ನಿಂದ ನೀವೇ ಡ್ರಾಪ್ಸ್ ತಂದು ಹಾಕೋದು ಬೇಡ. ಸೋಂಕಾದ್ರೆ ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಉಳಿಯತ್ತೆ ಅಥವಾ ಹೋಗತ್ತೆ.

ಕೊನೆಯದಾಗಿ, ಪಿಯುಸಿ ಮುಗಿಸಿ ಮುಂದೇನು ಅಂತ ಯೋಚಿಸ್ತಿರೋರಿಗೆ. ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಅಡಿಯಲ್ಲಿ ಆಪರೇಷನ್ ಥಿಯೇಟರ್ ಟೆಕ್ನಾಲಜಿ, ಆಫ್ಥಾಲ್ಮಿಕ್ ಟೆಕ್ನಾಲಜಿ ಡಿಪ್ಲೊಮಾಗಳಿವೆ. ಸಲಕರಣೆ ಸಿದ್ಧ ಮಾಡೋದು ಕಲಿತು ಮಾಡೋ ಕೆಲಸ. ಅದನ್ನ ‘ಪಾತ್ರೆ ತೊಳೆಯೋದು’ ಅಂತ ನೋಡೋ ಆಸ್ಪತ್ರೆಯಲ್ಲೇ ತಪ್ಪಾಗೋದು ಜಾಸ್ತಿ.

ಡಾಕ್ಟರ ಕೈ ಅಜ್ಜಿಯ ಕಣ್ಣಲ್ಲಿ ಇರೋದು ಹದಿನೈದು ನಿಮಿಷ. ಆ ಕೈಗೆ ಸಲಕರಣೆ ಕೊಡೋಕೆ ಒಬ್ಬರು ಒಂದು ಗಂಟೆಗೂ ಜಾಸ್ತಿ ಕೆಲಸ ಮಾಡಿರ್ತಾರೆ. ಡಿಸ್ಚಾರ್ಜ್ ದಿನ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ ಮೇಲೆ ಅವರನ್ನೂ ಹುಡುಕಿ ಒಂದು ಮಾತು ಹೇಳಿ ಬನ್ನಿ.

ಈ ಸಂಚಿಕೆಯನ್ನ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ.